ಕೈಲಿ ಒಂದು

ರಾತ್ರಿ ಎರಡಕ್ಕೆ ಸುನ್‌ವಾಳ ಅಡಿಗೆಮನೆಯ ದೀಪ ಹತ್ತುತ್ತದೆ.
ತಣ್ಣೀರಿಗೆ ಮೆಕ್ಕೆಜೋಳದ ಹಿಟ್ಟು, ನಾಲ್ಕು ಚಮಚ,
ಕದಡಿ, ಗಂಟು ಒಡೆದು,
ನಿದ್ದೆಗಣ್ಣಿನ ಬೇಯ್ನಿರನ ತುಟಿಗೆ ಲೋಟ.
ಬೆಳಗಿನ ತನಕ ಬರಿಹೊಟ್ಟೆಯಲ್ಲಿ ಮಲಗಿದರೆ
ಈ ಹುಡುಗ ಏಳದೇ ಹೋಗಬಹುದು.
ಒಳಗಿನ ಉಗ್ರಾಣದ ತುಂಬ ಸಕ್ಕರೆಯಿದೆ,
ಬಾಗಿಲಿಗೆ ಕೀಲಿಕೈ ಇಲ್ಲ.

ಫೆರೋ ದ್ವೀಪಗಳ ಬಡಗಣ ತುದಿ, ಇಪ್ಪತ್ತೆಂಟು ಮನೆ.
ಸೂರಿನ ಮೇಲೆ ಹುಲ್ಲು, ಗಾಳಿಗೆ ತೂಗುವ ಕುರಿಮಾಂಸ,
ಚಳಿಗಾಲದಲ್ಲಿ ವಾರಗಟ್ಟಲೆ ದೋಣಿ ಮುಟ್ಟದ ಬಂಡೆ.
ಅಲ್ಲಿಗೆ ನಾನು ಲೆಕ್ಕ ಮಾಡಲು ಹೋದವನು.
ಸುನ್‌ವಾ ನನ್ನ ಚಿಕ್ಕಮ್ಮನ ಮಗಳು. ಅಥವಾ,
ಈ ಊರಲ್ಲಿ ಯಾರಿಗೆ ಯಾರು ಏನೂ ಆಗದವರು?

ಲೆಕ್ಕ ಸರಳ.
ಚೀಲದಲ್ಲಿ ಇನ್ನೂರ ನಲವತ್ತು ಮಣಿ:
ನೂರಿಪ್ಪತ್ತು ಜನ, ತಲೆಗೆ ಎರಡು.
ಎಲ್ಲ ಬಿಳಿ, ಒಂದು ಕಪ್ಪು.
ಕಣ್ಣುಮುಚ್ಚಿ ತೆಗೆ, ಬಣ್ಣ ಬರೆದುಕೋ, ವಾಪಸು ಹಾಕು,
ಇನ್ನೂರ ನಲವತ್ತು ಸಲ. ಅದೊಂದು ತಲೆಮಾರು.
ಮೂರರಲ್ಲಿ ಒಂದು ಸಲಕ್ಕಿಂತ ಹೆಚ್ಚಾಗಿ
ಕಪ್ಪು ಮೊದಲ ಸುತ್ತಿಗೇ ಇಲ್ಲವಾಗುತ್ತದೆ.
ಯಾರ ಶಾಪವೂ ಅಲ್ಲ, ಕೈಗೆ ತಾಗಲಿಲ್ಲ ಅಷ್ಟೆ.
ಎಲ್ಲೋ ಅಪರೂಪಕ್ಕೆ ಒಂದು ಎರಡಾಗಿ, ಎರಡು ಐದಾಗಿ,
ಕಡಲೇ ಬಾಯಿ ಕಟ್ಟಿದ ಚೀಲದಲ್ಲಿ ಉಳಿದುಬಿಡುತ್ತದೆ.
ಯಂತ್ರಕ್ಕೆ ಹೇಳಿದೆ: ಆಡು, ಹತ್ತು ಲಕ್ಷ ಸಲ.

ಇಗರ್ಜಿಯ ದಫ್ತರ ನನ್ನ ಬಲಗೈ.
ಯಾರು ಹುಟ್ಟಿದರು, ಯಾರ ಹೆಸರಿಗೆ,
ಹಕ್ಕಿಮೊಟ್ಟೆಗೆಂದು ಹತ್ತಿ ಯಾವ ಬಂಡೆಯಿಂದ ಬಿದ್ದರು.
ಹೊರಗಿನಿಂದ ಬಂದವರು: ಸೊನ್ನೆ.
ಸಮೀಕರಣದಲ್ಲಿ ಆ ಜಾಗಕ್ಕೆ ಎಂ ಎಂಬ ಅಕ್ಷರ.
ಎಂ ಸೊನ್ನೆ ಎಂದು ಬರೆದೆ.
ಗೆರೆ ಚುಕ್ಕೆಗಳ ಮೇಲೆ ಕೂರಲಿಲ್ಲ.

ಆ ದೋಷದ ಅಕ್ಕಪಕ್ಕದ ಎಳೆ ಇನ್ನೂ ಉದ್ದ.
ಹಳೆಯದಾಗಿದ್ದರೆ ತಲೆಮಾರಿಗೊಮ್ಮೆ ಕತ್ತರಿ ಬಿದ್ದು
ಚೋಟುದ್ದ ಆಗಿರಬೇಕಿತ್ತು.
ಐದು ತಲೆಮಾರಿನ ಹಿಂದೆ ಒಬ್ಬ,
ಒಬ್ಬನೇ ಒಬ್ಬ ಈ ದಡಕ್ಕೆ ಇಳಿದ ಎಂದುಕೊಂಡರೆ ಮಾತ್ರ
ಗೆರೆ ಸುಮ್ಮನೆ ಬಂದು ಮಲಗುತ್ತದೆ.

ಹಾಲ್‌ಬೇರಾಗೆ ತೊಂಬತ್ತಮೂರು. ಉಣ್ಣೆ ಸುತ್ತುತ್ತಿದ್ದಳು.
ಕಾಗದ ತಿರುಗಿಸಿ ನೋಡಿ, ಬೆರಳಿಟ್ಟು ಕೇಳಿದಳು:
ಈ ಒಂದು ಯಾರು?
ಗೊತ್ತಿಲ್ಲಜ್ಜಿ, ಲೆಕ್ಕ ಕೇಳುತ್ತಿದೆ, ಅಂದೆ.
ಉಂಡೆ ಇನ್ನಷ್ಟು ದಪ್ಪವಾಯಿತು.
"ಆ ವರ್ಷ ನನ್ನ ಅಜ್ಜ ಫೆಬ್ರವರಿಯಿಂದ ಸೆಪ್ಟೆಂಬರ್ ತನಕ
ಐಸ್ಲೆಂಡಿನ ನೀರಲ್ಲಿದ್ದ.
ನನ್ನಮ್ಮ ಹುಟ್ಟಿದ್ದು ಮರುವರ್ಷದ ಮಾರ್ಚಿನಲ್ಲಿ.
ಜೂನ್‌ನಲ್ಲಿ ಬ್ರಿಟನಿಯ ಹಡಗೊಂದು ಪಟ ಹರಿದು
ಮೂರು ರಾತ್ರಿ ಇಲ್ಲಿ ನಿಂತಿತ್ತಂತೆ.
ಬೆರಳು ಎಣಿಸಲು ಬರುವವರಿಗೆಲ್ಲ ಗೊತ್ತಿತ್ತು.
ಯಾರೂ ಎಣಿಸಲಿಲ್ಲ."
ಆಮೇಲೆ: "ಅಜ್ಜ ಆ ಮಗುವಿಗೆ ತಾನೇ ತೊಟ್ಟಿಲು ಕಡೆದ.
ಅದನ್ನೂ ನಿನ್ನ ಯಂತ್ರಕ್ಕೆ ಹಾಕಿಕೋ."

ಹಾಕಲು ಜಾಗವಿರಲಿಲ್ಲ.

ಶಾಲೆಯಲ್ಲಿ ಕಲಿತದ್ದು: ಏಳು, ಎಂಟು, ಹದಿನೈದು.
ಐದು ಕೆಳಗೆ, ಕೈಲಿ ಒಂದು.
ಆ ನಾವಿಕ ಇಳಿದದ್ದು ಕೈಲಿ ಒಂದು ಹಿಡಿದು.
ಹಾಲ್‌ಬೇರಾಳ ತಾಯಿಯ ಕೈಗೆ ಒಂದು,
ಅಲ್ಲಿಂದ ಒಬ್ಬರ ಕೈಗೆ ಬಿದ್ದು, ಒಬ್ಬರ ಕೈ ತಪ್ಪಿ,
ಯಾರಿಗೂ ನೋವಿಲ್ಲ, ಯಾರಿಗೂ ಸುಳಿವಿಲ್ಲ,
ಕುಣಿತದ ರಾತ್ರಿ ಸುನ್‌ವಾ ಕೈಚಾಚಿ
ಇನ್ನೊಂದು ಕೈ ಹಿಡಿಯುವ ತನಕ.

ವರದಿಯಲ್ಲಿ ಹೆಸರಿಲ್ಲ, ಹಡಗಿಲ್ಲ, ತೊಟ್ಟಿಲಿಲ್ಲ.
ಎಂ: ಸೊನ್ನೆ ಬಿಂದು ಸೊನ್ನೆ ಸೊನ್ನೆ ಒಂದು ಏಳು.
ಅಷ್ಟು ಸೊನ್ನೆಗಳ ಹಿಂದೆ ಮೂರು ರಾತ್ರಿ ಮಲಗಿದ್ದಾನೆ ಒಬ್ಬ,
ಹರಿದ ಪಟ ಹೊದ್ದು.

ನನ್ನ ಎಂಜಲನ್ನೂ ಕೊಳವೆಯಲ್ಲಿ ಕಳಿಸಿದ್ದೆ.
ಉತ್ತರ ಬಂದಿದೆ. ಕೈಲಿ ಒಂದು.
ಇವತ್ತು ಎರಡು ಗಂಟೆಯ ಪಾಳಿ ನನ್ನದು.
ಸುನ್‌ವಾ ಮಲಗಿದ್ದಾಳೆ. ನಾಲ್ಕು ಚಮಚ, ತಣ್ಣೀರು.
ಗಂಟು ಒಡೆಯುವುದು ಅಂದುಕೊಂಡಷ್ಟು ಸುಲಭವಲ್ಲ.